ಬೇರೆ ಬೆಂಚಿನಲ್ಲಿ ಕೂತ ಮಗಳಿಗೆ ಗೆಳತಿಯರು ಸಿಗುವುದು ಹೇಗೆ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಎಂಟು ತಿಂಗಳ ಹಿಂದೆ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾಯಿತು. ಗೋಧಿ ಬಿಡಿಸಿದ ಮೇಲೆ ಹೊಟ್ಟೆನೋವು ನಿಂತಿದೆ, ತೂಕ ಏರಿದೆ. ಆದರೆ ಶಾಲೆಯಲ್ಲಿ ಒಂಟಿಯಾಗಿಬಿಟ್ಟಿದ್ದಾಳೆ. ಬೇರೆ ಮಕ್ಕಳ ಚಪಾತಿ ತಾಗಬಾರದೆಂದು ಊಟದ ಹೊತ್ತಿಗೆ ಅವಳನ್ನು ಬೇರೆ ಬೆಂಚಿನಲ್ಲಿ ಕೂರಿಸಲು ನಾನೇ ಟೀಚರ್‌ಗೆ ಹೇಳಿದ್ದೆ. ಈಗ ಬರ್ತ್‌ಡೇಗೆ ಕರೆದರೂ ಹೋಗುವುದಿಲ್ಲ ಎನ್ನುತ್ತಾಳೆ. ಮೊನ್ನೆ "ನನ್ನಂಥಾಕಿ ಈ ಊರಾಗ ಒಬ್ಬಾಕಿನೂ ಇಲ್ಲೇನವ್ವಾ?" ಅಂದಳು. ನಮ್ಮತ್ತೆ "ಒಂದ್ ತುತ್ತಿಗೆ ಏನಾಗ್ತದ" ಅನ್ನುತ್ತಾರೆ. ಮೂರು ವರ್ಷದ ಮಗನಿಗೂ ಮುನ್ನೆಚ್ಚರಿಕೆಗೆಂದು ಗೋಧಿ ನಿಲ್ಲಿಸಿದ್ದೇವೆ. ಇಂಥ ಮಕ್ಕಳ ಗುಂಪು ಎಲ್ಲಾದರೂ ಇದೆಯೇ?

ಉತ್ತರ: ಗುಂಪುಗಳಿವೆ, ಆ ವಿಷಯಕ್ಕೆ ಬರುತ್ತೇನೆ. ಅದಕ್ಕಿಂತ ಮೊದಲು ಆ ಬೆಂಚಿನ ಕಥೆ ಮುಗಿಸೋಣ. ನಾಳೆಯೇ ಟೀಚರ್‌ಗೆ ಹೇಳಿ ಅವಳನ್ನು ಮೊದಲಿನ ಜಾಗಕ್ಕೆ ಕಳುಹಿಸಿ.

ಮಕ್ಕಳ ಆಹಾರ ತಜ್ಞೆಯಾಗಿ ಇಂಥ ಬೇರೆ ಬೆಂಚುಗಳ ಸುದ್ದಿ ನನಗೆ ಬೇಕಾದಷ್ಟು ಬಂದಿದೆ. ಎಲ್ಲವೂ ಪ್ರೀತಿಯಿಂದ, ಭಯದಿಂದ ಆದವೇ. ಆದರೆ ಕಾಯಿಲೆಗೆ ಅದರ ಅಗತ್ಯವಿಲ್ಲ. ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಯೊಳಗೆ ಹೋಗಿ ಸಣ್ಣಕರುಳನ್ನು ಮುಟ್ಟಿದಾಗ ಮಾತ್ರ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಪಕ್ಕದ ಹುಡುಗಿ ಚಪಾತಿ ತಿಂದರೆ, ಅದರ ವಾಸನೆ ಮೂಗಿಗೆ ಬಡಿದರೆ, ಆ ಹುಡುಗಿಯ ಕೈ ಹಿಡಿದರೆ ನಿಮ್ಮ ಮಗಳಿಗೆ ಏನೂ ಆಗುವುದಿಲ್ಲ. ಕೆಲವು ಮಕ್ಕಳಿಗೆ ಶೇಂಗಾ ಅಲರ್ಜಿಯಿಂದ ನಿಮಿಷಗಳಲ್ಲಿ ಉಸಿರುಗಟ್ಟುತ್ತದಲ್ಲ, ಇದು ಆ ಜಾತಿಯದಲ್ಲ. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಲಿ, ತನ್ನ ಡಬ್ಬಿ, ತನ್ನ ಚಮಚ ಇರಲಿ, ಡಬ್ಬಿಯ ಮುಚ್ಚಳದ ಮೇಲೆ ಇಟ್ಟುಕೊಂಡು ತಿನ್ನಲಿ, ಬೇರೆಯವರ ಡಬ್ಬಿಯಿಂದ ಬಾಯಿಗೆ ಹಾಕಿಕೊಳ್ಳದಿರಲಿ. ಇಷ್ಟು ಸಾಕು. ಗೆಳತಿಯರ ನಡುವೆ ಕೂರಬಹುದು, ಕೂರಬೇಕು.

ಬೇರೆ ಕೂರಿಸುವುದರಿಂದ ಇನ್ನೊಂದು ಅನಾಹುತ ಆಗಿರುತ್ತದೆ. ಉಳಿದ ಮಕ್ಕಳು ಮನೆಗೆ ಹೋಗಿ "ಆಕಿಗೆ ಏನೋ ಬ್ಯಾನಿ ಅದ, ಟೀಚರ್ ಬ್ಯಾರೆ ಕುಂಡ್ರಸ್ತಾರ" ಅಂದಿರುತ್ತಾರೆ. ಅಂಟುರೋಗ ಇರಬೇಕು ಎಂದು ಎಷ್ಟೋ ಅಪ್ಪ ಅಮ್ಮಂದಿರು ಅಂದುಕೊಂಡಿರುತ್ತಾರೆ. ಆದ್ದರಿಂದ ಕ್ಲಾಸ್ ಟೀಚರ್‌ಗೆ ಒಂದೇ ಪುಟದ ಪತ್ರ ಬರೆದುಕೊಡಿ, ಕನ್ನಡದಲ್ಲೇ. ಮೊದಲ ಸಾಲಿನಲ್ಲೇ ಇದು ಅಂಟುವುದಿಲ್ಲ ಎಂದಿರಲಿ. ಏನು ತಿನ್ನಬಾರದು ಎನ್ನುವುದನ್ನು ಟೀಚರ್‌ಗೆ ಗೊತ್ತಿರುವ ಹೆಸರುಗಳಲ್ಲೇ ಬರೆಯಿರಿ: ಚಪಾತಿ, ಪೂರಿ, ಬ್ರೆಡ್ಡು, ಬಿಸ್ಕತ್ತು, ಕೇಕು, ರವೆ ಉಪ್ಪಿಟ್ಟು, ಶಿರಾ, ಶಾವಿಗೆ, ನೂಡಲ್ಸ್, ಹಾರ್ಲಿಕ್ಸ್‌ನಂಥ ಮಾಲ್ಟ್ ಪುಡಿ. "ಗ್ಲುಟೆನ್ ಇರುವ ಪದಾರ್ಥ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಕಸ್ಮಾತ್ ತಿಂದರೆ ಗಾಬರಿ ಬೇಡ, ಹೊಟ್ಟೆನೋವೋ ವಾಂತಿಯೋ ಭೇದಿಯೋ ಆಗಬಹುದು, ಕೇಳಿದ ಕೂಡಲೇ ಶೌಚಾಲಯಕ್ಕೆ ಬಿಡಿ, ನನಗೆ ಫೋನ್ ಮಾಡಿ ಎಂದೂ ಸೇರಿಸಿ. ಕ್ರಾಫ್ಟ್ ಕ್ಲಾಸಿನ ಬಣ್ಣದ ಹಿಟ್ಟಿನ ಮುದ್ದೆ ಸಾಮಾನ್ಯವಾಗಿ ಗೋಧಿ ಹಿಟ್ಟಿನದು, ಮನೆಯಲ್ಲಿ ಕಾಸಿದ ಅಂಟು ಮೈದಾದ್ದು. ಮುಟ್ಟಬಹುದು, ಆಡಿದ ಮೇಲೆ ಕೈ ತೊಳೆಯಬೇಕು ಅಷ್ಟೇ. ಪತ್ರದ ಜೊತೆ ಶೇಂಗಾ ಚಿಕ್ಕಿ ತುಂಬಿದ ಸಣ್ಣ ಡಬ್ಬಿಯೊಂದನ್ನು ಸ್ಟಾಫ್ ರೂಮಿನ ಕಪಾಟಿನಲ್ಲಿ ಇಡಿಸಿ. ಯಾರದೋ ಬರ್ತ್‌ಡೇ ಎಂದು ಕ್ಲಾಸಿಗೆಲ್ಲ ಕೇಕು ಹಂಚುವ ದಿನ ಇವಳ ಕೈ ಖಾಲಿ ಇರಬಾರದು.

ಕ್ಲಾಸಿನಲ್ಲಿ ಎಲ್ಲರೆದುರು ಹೇಳಬೇಕೋ ಬೇಡವೋ ಎನ್ನುವುದನ್ನು ಮಾತ್ರ ಮಗಳೇ ತೀರ್ಮಾನಿಸಲಿ. ಕೆಲವು ಮಕ್ಕಳಿಗೆ ಟೀಚರ್ ಎದ್ದು ನಿಂತು ವಿವರಿಸಿದರೆ ನೆಮ್ಮದಿ, ಕೆಲವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಇಡೀ ಕ್ಲಾಸಿಗೆ ತಿಳಿಯುವುದಕ್ಕಿಂತ ಒಬ್ಬಳು ಗೆಳತಿಗೆ ಪೂರ್ತಿ ತಿಳಿದಿರುವುದು ಹೆಚ್ಚು ಕೆಲಸ ಮಾಡುತ್ತದೆ. ಆ ಒಬ್ಬಳು ಯಾರು ಎಂದು ಮಗಳನ್ನೇ ಕೇಳಿ. ಅವಳನ್ನು ಮನೆಗೆ ಕರೆಯಿರಿ, ಅವಳ ಅವ್ವನಿಗೂ ಹೇಳಿ. ಆಮೇಲೆ ನೋಡಿ, ನಿಮ್ಮ ಮಗಳು ಬಾಯಿ ತೆರೆಯುವ ಮೊದಲೇ "ಏ, ಆಕಿಗೆ ಅದು ನಡೆಯಂಗಿಲ್ಲ" ಎಂದು ಕೂಗುವವಳು ಅವಳೇ ಆಗಿರುತ್ತಾಳೆ.

ಮಗಳ ಬಾಯಲ್ಲೂ ಒಂದು ಸಣ್ಣ ಉತ್ತರ ತಯಾರಿರಬೇಕು. ಇದು ನಮ್ಮ ಕಡೆ ಸೂಕ್ಷ್ಮವಾದ ವಿಷಯ. ಒಬ್ಬರ ಮನೆಯ ತಿಂಡಿ ಬೇಡ ಎಂದರೆ ಅದಕ್ಕೆ ಹತ್ತು ಅರ್ಥ ಹುಟ್ಟುತ್ತವೆ: ಸೊಕ್ಕು ಅನ್ನುವವರು ಕೆಲವರು, ಜಾತಿ ನೋಡುತ್ತಾರೆ ಅನ್ನುವವರು ಕೆಲವರು. ಮಕ್ಕಳಿಗೆ ಆ ವಿಚಾರ ಬರದಿದ್ದರೂ ಆ ಮನೆಯ ದೊಡ್ಡವರಿಗೆ ಬರುತ್ತದೆ, ನೋವೂ ಆಗುತ್ತದೆ. ಹಾಗಾಗಿ ಬರಿದೇ ಬೇಡ ಎನ್ನುವುದನ್ನು ಬಿಡಿಸಿ. ಮೊದಲು ಕಾರಣ, ಆಮೇಲೆ ಬೇಡ, ಅದರ ಬೆನ್ನಿಗೇ ಬೇರೇನನ್ನೋ ಕೇಳಿ ಪಡೆಯುವುದು. "ಗೋಧಿ ತಿಂದ್ರ ನನ್ನ ಹೊಟ್ಟಿ ನೋಯ್ತದ್ರಿ ಕಾಕು, ಡಾಕ್ಟರ್ ಬ್ಯಾಡ ಅಂದಾರ. ಬಾಳೆಹಣ್ಣು ಕೊಡ್ರಿ." ಗೆಳತಿಯಾದರೆ ಇನ್ನೂ ಚುಟುಕು: "ಚಪಾತಿ ನಂಗ ಆಗಂಗಿಲ್ಲ, ನಿನ್ನ ಪೇರಲ ಕೊಡು." ನೀರು, ಮಜ್ಜಿಗೆ, ಹಣ್ಣು ಯಾವುದೋ ಒಂದನ್ನು ಅವರ ಕೈಯಿಂದ ಇಸಿದುಕೊಂಡರೆ ಮನಸ್ಸು ಕೆಡುವುದಿಲ್ಲ. ಮನೆಯಲ್ಲಿ ಆಟದಂತೆ ಅಭ್ಯಾಸ ಮಾಡಿಸಿ. ನೀವು ಹಠಮಾರಿ ಕಾಕು ಆಗಿ, "ಒಂದss ಒಂದು ತಿನ್ನ ನಮ್ಮವ್ವ" ಎಂದು ಒತ್ತಾಯಿಸಿ. ಮೊದಲು ನಗುತ್ತಾಳೆ, ಆಮೇಲೆ ಕಲಿಯುತ್ತಾಳೆ.

ಒಂದು ಅನುಕೂಲವೂ ನಮಗಿದೆ. ಊಟದಲ್ಲಿ ಇದು ನಡೆಯುತ್ತದೆ, ಅದು ನಡೆಯುವುದಿಲ್ಲ ಎನ್ನುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಅವಳ ಕ್ಲಾಸಿನಲ್ಲೇ ಆಲೂಗಡ್ಡೆ, ಉಳ್ಳಾಗಡ್ಡಿ ತಿನ್ನದ ಜೈನ ಹುಡುಗಿ ಇರಬಹುದು, ತತ್ತಿ ತಿನ್ನದವರು, ರೋಜಾ ಹಿಡಿಯುವವರು, ಸೋಮವಾರ ಒಪ್ಪೊತ್ತು ಮಾಡುವ ಮನೆಯವರು ಇರುತ್ತಾರೆ. ಅವರು ಯಾರೂ ಬೇರೆ ಬೆಂಚಿನಲ್ಲಿ ಕೂತಿಲ್ಲ. ಇದನ್ನು ಮಗಳಿಗೆ ತೋರಿಸಿಕೊಡಿ. ಟೈಪ್ 1 ಡಯಾಬಿಟೀಸ್ ಇದ್ದು ಇನ್ಸುಲಿನ್ ತೆಗೆದುಕೊಳ್ಳುವ ಮಗು ಶಾಲೆಯಲ್ಲಿದ್ದರೆ ಅವರಿಬ್ಬರ ನಡುವೆ ಮಾತು ಬಹಳ ಬೇಗ ಕುದುರುತ್ತದೆ. ಈ ಎರಡು ಕಾಯಿಲೆಗಳು ಒಂದೇ ಮಗುವಿನಲ್ಲಿ ಜೊತೆಯಾಗಿ ಬರುವುದೂ ಉಂಟು.

ಈಗ ನನಗೆ ಮುಖ್ಯವೆನಿಸುವ ಮಾತು. ಎಂಟು ತಿಂಗಳಿಂದ ನಿಮ್ಮ ಮಗಳು ಬರೀ ಬೇಡ ಎನ್ನುವವಳಾಗಿದ್ದಾಳೆ. ಅವಳನ್ನು ಕೊಡುವವಳನ್ನಾಗಿ ಮಾಡಿ. ನಮ್ಮಲ್ಲಿ ಸ್ನೇಹ ಕುದುರುವುದೇ ಡಬ್ಬಿ ಬದಲಾಯಿಸಿಕೊಳ್ಳುವುದರಲ್ಲಿ; ಅವಳು ತೆಗೆದುಕೊಳ್ಳಲು ಆಗದಿದ್ದರೇನು, ಕೊಡಲು ಅಡ್ಡಿಯಿಲ್ಲವಲ್ಲ. ಇದರಲ್ಲಿ ಹುಬ್ಬಳ್ಳಿ-ಧಾರವಾಡದವರು ಪುಣ್ಯವಂತರು. ದಿಲ್ಲಿ, ಪಂಜಾಬಿನ ತಾಯಂದಿರು ಮೂರು ಹೊತ್ತೂ ಗೋಧಿ ರೊಟ್ಟಿಯ ಅಡುಗೆಮನೆಯನ್ನು ಬುಡಸಮೇತ ಬದಲಿಸಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ಅತ್ತೆ ಇದ್ದಾರೆ! ಅಕ್ಕಿ, ಜೋಳ, ರಾಗಿ, ಸಜ್ಜೆ, ನವಣೆ, ಕಡಲೆಹಿಟ್ಟು, ಅವಲಕ್ಕಿ, ಮಂಡಕ್ಕಿ, ಸಾಬೂದಾನಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಅವಳ ಡಬ್ಬಿಗೆ ಎರಡು ತುಂಡು ಹೆಚ್ಚಾಗಿಯೇ ಹಾಕಿ, ಹಂಚುವುದಕ್ಕೆ. ನಾಗರ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಅವಳ ಕೈಯಲ್ಲೇ ಕಟ್ಟಿಸಿ ಕ್ಲಾಸಿಗೆ ಕಳಿಸಿ. ಸಂಕ್ರಾಂತಿಯ ಕುಸುರೆಳ್ಳನ್ನೂ ಮನೆಮನೆಗೆ ಅವಳೇ ಕೊಟ್ಟು ಬರಲಿ.

ಮೋಸ ಅಡಗಿರುವುದು ಬೇರೆ ಕಡೆ. ಅಡುಗೆಮನೆಯ ಇಂಗಿನ ಡಬ್ಬಿ ತಿರುಗಿಸಿ ನೋಡಿ: ಅಂಟು, ಗೋಧಿ ಹಿಟ್ಟು ಅಥವಾ ಮೈದಾ, ಆಮೇಲೆ ಎಲ್ಲೋ ಇಂಗು. ಅಂಗಡಿಯ ಪುಡಿ ಇಂಗು ಬಹುಪಾಲು ಹೀಗೇ. ಅದೇ ಇಂಗು ಅಂಗಡಿಯ ಸಾರಿನ ಪುಡಿಯಲ್ಲಿ, ಉಪ್ಪಿನಕಾಯಿಯಲ್ಲಿ, ದೇವಸ್ಥಾನದ ಪುಳಿಯೋಗರೆಯಲ್ಲಿ ಕೂತಿರುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಅದನ್ನು ತನ್ನಿ. ಎರಡನೆಯದು ಗಿರಣಿ. ಹಿಂದಿನವರು ಗೋಧಿ ಬೀಸಿಸಿದ ಕಲ್ಲಿನಲ್ಲೇ ನಿಮ್ಮ ಜೋಳ ಬಿದ್ದರೆ ಆ ರೊಟ್ಟಿ ಅವಳಿಗೆ ಬರುವುದಿಲ್ಲ. ಜೋಳ ಮಾತ್ರ ಬೀಸುವ ಗಿರಣಿ ಹುಡುಕಿ, ಇಲ್ಲವೇ ಮನೆಯಲ್ಲಿಡುವ ಸಣ್ಣ ಹಿಟ್ಟಿನ ಗಿರಣಿ ಕೊಳ್ಳಿ. ಸತ್ಯನಾರಾಯಣ ಪೂಜೆಯ ಸಪಾದ ರವೆಯದು ಎನ್ನುವುದೂ ನೆನಪಿರಲಿ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರೆ ದೇವರು ಸಿಟ್ಟಾಗುವುದಿಲ್ಲ; ಪಂಚಾಮೃತ ಧಾರಾಳವಾಗಿ ತೆಗೆದುಕೊಳ್ಳಲಿ. ಪೊಟ್ಟಣದ ತಿಂಡಿಯಾದರೆ ಅಲರ್ಜಿಯ ಸಾಲು ಓದುವುದನ್ನು ಮಗಳಿಗೇ ಕಲಿಸಿ. ಗೋಧಿ, ಬಾರ್ಲಿ ಇದ್ದರೆ ಅಲ್ಲಿ ಬರೆಯಲೇಬೇಕು, "ಗ್ಲುಟೆನ್ ಫ್ರೀ" ಎಂದು ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ.

ಬರ್ತ್‌ಡೇ. ಕರೆದ ಮನೆಗೆ ಎರಡು ದಿನ ಮೊದಲೇ ಫೋನ್ ಮಾಡಿ. "ಏನು ಮಾಡ್ತೀರಿ?" ಎಂದು ಕೇಳುವುದಕ್ಕೂ "ಏನೂ ತೊಂದರೆ ತಗೋಬೇಡಿ, ಅವಳ ತಿಂಡಿ ನಾನೇ ಕಳಿಸ್ತೀನಿ, ಐಸ್‌ಕ್ರೀಮ್ ಇದ್ದರೆ ಕಪ್ಪಿನಲ್ಲಿ ಕೊಡಿ, ಕೋನ್ ಬೇಡ" ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದು ಆ ತಾಯಿಗೆ ತಲೆಬಿಸಿ, ಮುಂದಿನ ಸಲ ಕರೆಯುವುದೇ ಬೇಡ ಅನ್ನಿಸೀತು. ಉಪ್ಪು-ಖಾರದ ಆಲೂ ಚಿಪ್ಸ್ ಆಗುತ್ತದೆಯೇ, ಯಾವ ಚಾಕಲೇಟ್‌ನಲ್ಲಿ ಗೋಧಿಯ ಬಿಸ್ಕತ್ತು ಪದರ ಇರುತ್ತದೆ, ಇವನ್ನು ನೀವು ಮೊದಲೇ ತಿಳಿದಿಟ್ಟುಕೊಳ್ಳಿ. ಕೇಕಿನ ಹೊತ್ತಿಗೆ ಅವಳ ತಟ್ಟೆಯಲ್ಲೂ ಅದೇ ಬಣ್ಣದ ಏನೋ ಒಂದಿದ್ದರೆ ಸಾಕು. ಅಕ್ಕಿಹಿಟ್ಟಿನ ಕೇಕು ಮೈದಾದಷ್ಟು ಉಬ್ಬುವುದಿಲ್ಲ, ಮೇಲೆ ಕ್ರೀಮ್ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕಿಂತ ಒಳ್ಳೆಯ ದಾರಿ, ನೀವೇ ಕರೆಯುವುದು. ಬರ್ತ್‌ಡೇ ಬರಲೆಂದು ಕಾಯಬೇಡಿ. ಒಂದು ಶನಿವಾರ ಮಧ್ಯಾಹ್ನ ನಾಲ್ಕೈದು ಹುಡುಗಿಯರನ್ನು ಕರೆದು ಗಿರ್ಮಿಟ್, ಮಿರ್ಚಿ ಮಾಡಿ. ಮಂಡಕ್ಕಿಗೆ ಹುಣಸೆಹುಳಿ-ಬೆಲ್ಲದ ಗೊಜ್ಜು, ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ. ಕಡಲೆಹಿಟ್ಟಿನಲ್ಲಿ ಅದ್ದಿ ಹೊಸ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ. ಇಂಗು ಮಾತ್ರ ನಿಮ್ಮದೇ ಇರಲಿ. (ಅಂಗಡಿಯ ಮಿರ್ಚಿ ಬೇಡ, ಅದೇ ಬಾಣಲೆಯಲ್ಲಿ ಪೂರಿ, ಸಮೋಸಾ ಈಜಾಡಿರುತ್ತವೆ.) ಹುಬ್ಬಳ್ಳಿಯ ಮಕ್ಕಳಿಗೆ ಇದು ಪಥ್ಯದ ಊಟ ಎಂದು ಕನಸಿನಲ್ಲೂ ಹೊಳೆಯುವುದಿಲ್ಲ. ಅವತ್ತು ಮಗಳು ಎಲ್ಲರ ತಟ್ಟೆಯಿಂದಲೂ ಕೈ ಹಾಕಿ ತಿನ್ನಬಹುದು. ಎಂಟು ತಿಂಗಳಿಂದ ಅವಳು ಕಳೆದುಕೊಂಡಿರುವುದು ಕೇಕಿಗಿಂತ ಹೆಚ್ಚಾಗಿ ಇದನ್ನೇ ಎಂದು ನನಗನ್ನಿಸುತ್ತದೆ.

ಇನ್ನು ಅತ್ತೆಯವರ ಒಂದು ತುತ್ತು. ಅವರೊಡನೆ ಜಗಳ ಬೇಡ, ಲೆಕ್ಕ ಹೇಳಿ. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ ಹೆಚ್ಚುಕಡಿಮೆ ಎರಡು ಗ್ರಾಂ, ಅಂದರೆ 2000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ ಬರೀ 50 ಮಿಲಿಗ್ರಾಂ ಮೂರು ತಿಂಗಳು ಒಳಗೆ ಹೋದರೂ ಕರುಳಿನ ಒಳಪದರ ಕೆಡುತ್ತದೆ ಎಂದು 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ತೋರಿಸಿತು. ಆ ಸ್ಲೈಸನ್ನು ನಲವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರು! ತಿಂದ ದಿನ ಏನೂ ಆಗದೆ ಇರಬಹುದು, ಒಳಗೆ ಕೆಡುವುದು ಕಾಣುವುದಿಲ್ಲ, ರಕ್ತಹೀನತೆಯಾಗಿಯೋ ನಿಂತ ಎತ್ತರವಾಗಿಯೋ ಮುಂದೆ ಕಾಣುತ್ತದೆ. ಲೆಕ್ಕಕ್ಕಿಂತಲೂ ಚೆನ್ನಾಗಿ ನಡೆಯುವ ಉಪಾಯ ಅತ್ತೆಯವರಿಗೆ ಅಧಿಕಾರ ಕೊಡುವುದು. ಮೊಮ್ಮಗಳ ಹಿಟ್ಟಿನ ಡಬ್ಬಿ, ಅವಳ ಹಂಚು, ಅವಳ ರೊಟ್ಟಿ ಅವರ ಸುಪರ್ದಿಗೆ ಬರಲಿ. ಅವರು ಕೇಳದೆ ಯಾರೂ ಮುಟ್ಟಬಾರದು ಎನ್ನಿ. ಕಾವಲಿಗೆ ಕೂತ ಅಜ್ಜಿಯ ಕಣ್ಣು ತಪ್ಪಿಸಿ ಒಂದು ಬಿಸ್ಕತ್ತೂ ಒಳಗೆ ಬರುವುದಿಲ್ಲ.

ಈಗ ಮಗಳ ಪ್ರಶ್ನೆಗೆ: ನನ್ನಂಥಾಕಿ ಒಬ್ಬಾಕಿನೂ ಇಲ್ಲೇನು? ಇದ್ದಾರೆ. ದೇಶದ ಮೂರು ಭಾಗಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸೀಲಿಯಾಕ್ ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಇತ್ತು. ಈ ಕಾಯಿಲೆಗೆ ಬೇಕಾದ ವಂಶವಾಹಿಗಳು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ದೊಡ್ಡ ವ್ಯತ್ಯಾಸ ಇದ್ದದ್ದು ಗೋಧಿ ತಿನ್ನುವುದರಲ್ಲಿ. ದಕ್ಷಿಣದ ಸಮೀಕ್ಷೆ ನಡೆದದ್ದು ಅನ್ನ ಉಣ್ಣುವ ವೆಲ್ಲೂರಿನ ಕಡೆ, ಚಪಾತಿ ತಿನ್ನುವ ಹುಬ್ಬಳ್ಳಿಗೆ ಅದೇ ಅಂಕಿ ಹೊಂದಬೇಕೆಂದಿಲ್ಲ. ಆದರೂ ಅದನ್ನೇ ಹಿಡಿಯೋಣ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಒಂಬತ್ತು ಲಕ್ಷ ಚಿಲ್ಲರೆ. ಸಾವಿರಕ್ಕೊಬ್ಬರೆಂದರೂ ಒಂಬೈನೂರು ಜನ! ಅವರಲ್ಲಿ ಬಹಳಷ್ಟು ಮಂದಿಗೆ ತಮಗೆ ಏನಾಗಿದೆ ಎಂದೇ ಗೊತ್ತಿರಲಿಕ್ಕಿಲ್ಲ, ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ನುಂಗುತ್ತ ಕೂತಿರಬಹುದು.

ಗೊತ್ತಿರುವವರನ್ನು ತಲುಪುವ ಹತ್ತಿರದ ದಾರಿ ನಿಮ್ಮ ಡಾಕ್ಟರೇ. ಅವರು ಬೇರೆ ರೋಗಿಯ ಹೆಸರು, ನಂಬರು ನಿಮಗೆ ಕೊಡುವಂತಿಲ್ಲ, ಕೇಳಲೂಬೇಡಿ. ನಿಮ್ಮ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, "ಇಂಥ ಮಗು ಇರೋ ಬೇರೆ ಮನೆಯವರು ಒಪ್ಪಿದರೆ ಅವರಿಗೆ ಕೊಡಿ" ಎನ್ನಿ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಮಕ್ಕಳ ಜಠರ-ಕರುಳಿನ ವಿಭಾಗವೇ ಇದೆ. ಅಂಥ ಕಡೆಯ ಆಹಾರ ತಜ್ಞರನ್ನೂ ಹೀಗೇ ಕೇಳಬಹುದು. ದಿಲ್ಲಿಯಲ್ಲಿ ಸೀಲಿಯಾಕ್ ಸೊಸೈಟಿ ಆಫ್ ಇಂಡಿಯಾ ಇದೆ, ಆಹಾರ ತಜ್ಞೆ ಇಷಿ ಖೋಸ್ಲಾ ಅವರು ಕಟ್ಟಿದ್ದು. ಅಲ್ಲಿನ ಪಾಕವಿಧಾನಗಳು ಉತ್ತರದವರ ಅಡುಗೆಗೆ ತಕ್ಕವು, ಮಾತು ಇಂಗ್ಲಿಷ್-ಹಿಂದಿಯದು, ಆದರೂ ಸಂಪರ್ಕಕ್ಕೆ ಒಳ್ಳೆಯದು. ಬೆಂಗಳೂರಿನಲ್ಲಿ ನೆಲೆಸಿದ ಉತ್ತರ ಭಾರತದ ಮನೆಗಳಲ್ಲೂ ಇಂಥ ಮಕ್ಕಳು ಸಿಗುತ್ತಾರೆ. ನೀವು ಅವರಿಗೆ ಜೋಳದ ರೊಟ್ಟಿ ಕಲಿಸಬಹುದು.

ವಾಟ್ಸಾಪ್ ಗುಂಪಿಗೆ ನೀವು ಸೇರಿ, ಮಗಳನ್ನು ಸೇರಿಸಬೇಡಿ. ದೊಡ್ಡವರ ಗೋಳು, ರಕ್ತಪರೀಕ್ಷೆಯ ವರದಿ, ಹೆದರಿಸುವ ಫಾರ್ವರ್ಡ್‌ಗಳು ಅವಳಿಗೇಕೆ? ಯಾರಾದರೂ ಪುಡಿ, ಕಷಾಯ, ಕಿಣ್ವದ ಮಾತ್ರೆ ಮಾರುತ್ತ "ಇದು ತಗೊಂಡರೆ ಚಪಾತಿ ತಿನ್ನಬಹುದು" ಎಂದರೆ ಆ ಗುಂಪಿನಿಂದ ಹೊರಬನ್ನಿ. ಸದ್ಯಕ್ಕೆ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಮಗಳಿಗೆ ಬೇಕಾಗಿರುವುದು ಗುಂಪಲ್ಲ, ಒಬ್ಬಳು ಅಕ್ಕ. ತನಗಿಂತ ನಾಲ್ಕೈದು ವರ್ಷ ದೊಡ್ಡವಳು, ಇದೇ ಕಾಯಿಲೆ ಇದ್ದು ಶಾಲೆಯ ಟ್ರಿಪ್ಪಿಗೂ ಹೋಗಿ ಬಂದವಳು ಸಿಕ್ಕರೆ, ಭಾನುವಾರ ನಿಮ್ಮೆದುರೇ ವಿಡಿಯೊ ಕಾಲ್‌ನಲ್ಲಿ ಹತ್ತು ನಿಮಿಷ ಮಾತಾಡಿಸಿ. ಹಾಗೆಂದು ಈ ದೂರದ ಅಕ್ಕನನ್ನು ಕ್ಲಾಸಿನ ಗೆಳತಿಯ ಜಾಗಕ್ಕೆ ತರಬೇಡಿ. ಕಾಯಿಲೆ ಒಂದೇ ಎನ್ನುವ ಕಾರಣಕ್ಕೆ ಮಕ್ಕಳು ಗೆಳತಿಯರಾಗಿಬಿಡುವುದಿಲ್ಲ. ಇಬ್ಬರಿಗೂ ಖೋ-ಖೋ ಇಷ್ಟವೋ ಎನ್ನುವುದು ಹೆಚ್ಚು ಮುಖ್ಯ. ರಕ್ತ, ಶಕ್ತಿ ಬರುತ್ತಿರುವ ಈ ಹೊತ್ತಿನಲ್ಲಿ ಆಟವೋ ನೃತ್ಯವೋ ಶಾಲೆಯ ಬುಲ್‌ಬುಲ್ ದಳವೋ, ತಿಂಡಿಯ ಸುತ್ತ ನಡೆಯದ ಒಂದು ಚಟುವಟಿಕೆಗೆ ಸೇರಿಸಿ.

ಎರಡು ವಿಷಯಗಳ ಮೇಲೆ ಕಣ್ಣಿಡಿ. ಡಬ್ಬಿ ಮುಟ್ಟದೆ ವಾಪಸ್ ತರುವುದು, ಶಾಲೆಯೇ ಬೇಡ ಎನ್ನುವುದು, ಸುಮ್ಮಸುಮ್ಮನೆ ಅಳು, ನಿದ್ದೆಗೇಡು ಎರಡು ವಾರ ದಾಟಿದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು, ಕದ್ದು ತಿನ್ನುವುದು. ಬಹಳ ಮಕ್ಕಳು ಒಮ್ಮೆಯಾದರೂ ತಿನ್ನುತ್ತಾರೆ. ಸೀಲಿಯಾಕ್ ಪತ್ತೆಗೆ ಮಾಡುವ ಟಿಟಿಜಿ ರಕ್ತಪರೀಕ್ಷೆಯ ಅಂಕಿ ಇಳಿಯಬೇಕಾದ್ದು ಏರಿದಾಗ ಬಯಲಾಗುತ್ತದೆ. ಬೈಯಬೇಡಿ. ಯಾರ ಜೊತೆ, ಯಾವಾಗ ತಿಂದಳು ಎಂದು ಕೇಳಿ. ಉತ್ತರ ಹೆಚ್ಚಾಗಿ ಹಸಿವಿನದಲ್ಲ, ಜೊತೆಯದು.

ಕೊನೆಗೆ ಮಗನ ವಿಷಯ. ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಿದ್ದು ಸರಿಯಾಗಲಿಲ್ಲ. ಒಡಹುಟ್ಟಿದವರಲ್ಲಿ, ಹೆತ್ತವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಈ ಕಾಯಿಲೆ ಇರಬಹುದು, ಹಾಗಾಗಿ ಅವನಿಗೂ ನಿಮ್ಮಿಬ್ಬರಿಗೂ ಟಿಟಿಜಿ ಪರೀಕ್ಷೆ ಬೇಕು. ಆದರೆ ಗೋಧಿ ತಿನ್ನುತ್ತಿದ್ದಾಗ ಮಾತ್ರ ಆ ಪರೀಕ್ಷೆಯನ್ನು ನಂಬಬಹುದು. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ, ಈ ಕಾಯಿಲೆಗೆ ಬೇಕಾದ ವಂಶವಾಹಿಗಳ ಪರೀಕ್ಷೆಗೆ ಈ ಕಟ್ಟುಪಾಡಿಲ್ಲ. ಎರಡೂ ಇಲ್ಲವೆಂದರೆ ಸೀಲಿಯಾಕ್ ಬರುವ ಸಾಧ್ಯತೆ ತೀರಾ ಕಡಿಮೆ, ಅವನು ನಿಶ್ಚಿಂತೆಯಿಂದ ಚಪಾತಿ ತಿನ್ನಬಹುದು. ಇದ್ದರೆ ಎಷ್ಟು ಗೋಧಿ, ಎಷ್ಟು ವಾರ ಕೊಟ್ಟು ಟಿಟಿಜಿ ಮಾಡಿಸಬೇಕು ಎಂದು ಡಾಕ್ಟರ್ ಹೇಳುತ್ತಾರೆ. ಈ ತಿಂಗಳೇ ಅವರನ್ನು ಕಾಣಿ, ನಿಮ್ಮ ನಂಬರಿನ ಚೀಟಿಯನ್ನೂ ಆಗಲೇ ಕೊಟ್ಟುಬನ್ನಿ.